ಕೋಸಿನ ಮೇಲೊಂದು ಕೇಸು

ಜಯನಗರ ನಾಲ್ಕನೇ ಬ್ಲಾಕಿನ ತರಕಾರಿ ಸಾಲಿನಲ್ಲಿ ಈಗ ಎಲೆಕೋಸಿಗಿರುವಷ್ಟು ಕೆಟ್ಟ ಹೆಸರು ಯಾವ ರಾಜಕಾರಣಿಗೂ ಇಲ್ಲ. ರಾಜಕಾರಣಿಗಾದರೂ ಐದು ವರ್ಷಕ್ಕೊಮ್ಮೆ ಕ್ಷಮಾದಾನ ಸಿಗುತ್ತದೆ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಅಂತ ರಿಪೋರ್ಟ್ ಬಂದರೆ ಅವತ್ತು ಸಂಜೆಯೇ ಕೋಸಿಗೆ ಗಡೀಪಾರು. ಅದರ ಬೆನ್ನಿಗೆ ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ, ಕಡಲೆಕಾಯಿ, ಸೋಯಾ. ಈ ಪಟ್ಟಿ ಕಳಿಸಿದವರು ಬನಶಂಕರಿ ಎರಡನೇ ಹಂತದ ಚಿಕ್ಕಮ್ಮ. ಅವರಿಗೆ ಕಳಿಸಿದ್ದು ಜೆ.ಪಿ. ನಗರದ ಯೋಗ ಕ್ಲಾಸಿನ ವಾಟ್ಸಾಪ್ ಗುಂಪು. ಗುಂಪಿಗೆ ಎಲ್ಲಿಂದ ಬಂತು ಅಂತ ಕೇಳಬಾರದು. ಅದು ಅಪೌರುಷೇಯ.

ಆರೋಪಿಗಳಲ್ಲಿ ಸಾಸಿವೆಗೆ ಮಾತ್ರ ತಕ್ಷಣ ಜಾಮೀನು ಸಿಕ್ಕಿತು, ಅದಿಲ್ಲದೆ ಒಗ್ಗರಣೆ ಆಗುವುದಿಲ್ಲವಲ್ಲ. ಕಡಲೆಕಾಯಿಗೆ ಕಾರ್ತಿಕ ಮಾಸದ ಕೊನೆಯ ಸೋಮವಾರ ಪೆರೋಲ್. ಬಸವನಗುಡಿಯ ಪರಿಷೆಯಲ್ಲಿ ಸೇರುಗಟ್ಟಲೆ ಕೊಂಡು ತಿಂದದ್ದು ದೊಡ್ಡ ಬಸವಣ್ಣನ ಖಾತೆಗೆ ಹೋಗುತ್ತದೆ, ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಖಾತೆಗಲ್ಲ. ಇನ್ನು ಹೂಕೋಸು. ಬಿಟಿಎಂ ಲೇಔಟಿನ ಹುಡುಗರು ಮನೆಯ ಪಲ್ಯದಲ್ಲಿ ಅದನ್ನು ಮುಟ್ಟುವುದಿಲ್ಲ, ಗಾಡಿ ಮುಂದೆ ನಿಂತು ಗೋಬಿ ಮಂಚೂರಿ ಮಾತ್ರ ತಿನ್ನುತ್ತಾರೆ. 2024ರ ಮಾರ್ಚಿನಲ್ಲಿ ಸರ್ಕಾರ ಅದರ ಕೃತಕ ಬಣ್ಣವನ್ನು ನಿಷೇಧಿಸಿತು. ಆ ಬಣ್ಣ, ಆ ಎಣ್ಣೆ, ಆ ಕಾರ್ನ್‌ಫ್ಲೋರಿನ ನಡುವೆ ಹೂಕೋಸೇನಾದರೂ ಉಳಿದಿದ್ದರೆ ಅದನ್ನು ಸಂತ್ರಸ್ತ ಅನ್ನಬೇಕೇ ಹೊರತು ಆರೋಪಿ ಅನ್ನಲಾಗದು.

ಹಾಗಂತ ಕೇಸು ಪೂರ್ತಿ ಸುಳ್ಳಲ್ಲ. 1928ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬೇರೆ ಯಾವುದೋ ಪ್ರಯೋಗಕ್ಕೆ ಸಾಕಿದ್ದ ಮೊಲಗಳಿಗೆ ಕುತ್ತಿಗೆಯಲ್ಲಿ ಗಳಗಂಡ ಎದ್ದಿತು. ನೋಡಿದರೆ ಅವಕ್ಕೆ ಹಾಕುತ್ತಿದ್ದ ಮೇವೆಲ್ಲ ಎಲೆಕೋಸೇ. ಆಮೇಲೆ 2010ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ 88 ವರ್ಷದ ಅಜ್ಜಿಯೊಬ್ಬರ ಕಥೆ ಬಂತು. ಆಕೆ ಕೋಸಿನ ಜಾತಿಯದೇ ಆದ ಬೊಕ್ ಚಾಯ್ ಸೊಪ್ಪನ್ನು ದಿನಕ್ಕೆ ಒಂದರಿಂದ ಒಂದೂವರೆ ಕೆಜಿ, ಹಸಿಯಾಗಿಯೇ, ತಿಂಗಳುಗಟ್ಟಲೆ ತಿಂದು ಎಚ್ಚರ ತಪ್ಪಿ ಆಸ್ಪತ್ರೆ ಸೇರಿದ್ದರು. ಈ ಸೊಪ್ಪು ತರಕಾರಿಗಳಲ್ಲಿ ಥೈರಾಯ್ಡ್ ಗ್ರಂಥಿಗೆ ಬೇಕಾದ ಅಯೋಡಿನ್‌ಗೆ ಅಡ್ಡಗಾಲು ಹಾಕುವ ವಸ್ತುಗಳು ಹುಟ್ಟುವುದು ನಿಜ. ಆದರೆ ಅವನ್ನು ಹುಟ್ಟಿಸುವ ಕಿಣ್ವ ಬಿಸಿಗೆ ಸತ್ತುಹೋಗುತ್ತದೆ. ನಮ್ಮಲ್ಲಿ ಅರ್ಧ ಕೆಜಿ ಕೋಸನ್ನು ಹೆಚ್ಚಿ, ಬೇಯಿಸಿ, ಕಡಲೆಬೇಳೆ ಕಾಯಿತುರಿ ಸೇರಿಸಿ ನಾಲ್ಕು ಜನಕ್ಕೆ ಬಡಿಸುತ್ತಾರೆ; ಅದರಲ್ಲೂ ಇಬ್ಬರು ತಟ್ಟೆಯ ಅಂಚಿಗೆ ತಳ್ಳುತ್ತಾರೆ. ಇಂಥ ಪಲ್ಯದಿಂದ ಗಳಗಂಡ ಬರಬೇಕಾದರೆ ಮೊದಲು ಮೊಲವಾಗಿ ಹುಟ್ಟಬೇಕು.

ಅಯೋಡಿನ್ ಉಪ್ಪು ತಿನ್ನುವ ಊರಿನಲ್ಲಿ ಗ್ರಂಥಿ ಸೋಮಾರಿಯಾಗುವುದಕ್ಕೆ ಹೆಚ್ಚಿನವರಲ್ಲಿ ಕಾರಣ ಅಡುಗೆಮನೆಯೇ ಅಲ್ಲ. ಮೈಯ ಕಾವಲು ಪಡೆಯೇ ತಿರುಗಿಬಿದ್ದು ಸ್ವಂತ ಗ್ರಂಥಿಯನ್ನು ಕಚ್ಚುತ್ತದೆ. ಜಪಾನಿನ ಹಕಾರು ಹಶಿಮೊಟೊ 1912ರಲ್ಲೇ ಈ ಕಾಯಿಲೆಯನ್ನು ವಿವರಿಸಿದ್ದಾನೆ; ಕಾರಣ ಮಾತ್ರ ಆಮೇಲೆ ಗೊತ್ತಾಯಿತು. ಆ ಜಗಳದಲ್ಲಿ ಕೋಸು ಸಾಕ್ಷಿಯೂ ಅಲ್ಲ. ಆದರೆ ವಾಟ್ಸಾಪ್ ಪಟ್ಟಿಗೆ ಸಮದೃಷ್ಟಿ ಜಾಸ್ತಿ: ಗ್ರಂಥಿ ಮಲಗಿದವರಿಗೂ ಅದೇ, ಅತಿಯಾಗಿ ದುಡಿದು ಮೈಯಿಳಿಸಿದವರಿಗೂ ಅದೇ. ಹೈಪೋನಾ, ಹೈಪರ್ರಾ ಅಂತ ಕೇಳಿದರೆ, “ಒಟ್ನಲ್ಲಿ ಥೈರಾಯ್ಡ್ ತಾನೇ ಕಣ್ರೀ?”

ತೂಕದ ಮಾತೂ ಬರಲಿ. ಗ್ರಂಥಿ ಕುಗ್ಗಿದರೆ ತೂಕ ಏರುತ್ತದೆ, ಸಾಮಾನ್ಯವಾಗಿ 2ರಿಂದ 5 ಕೆಜಿ, ಅದರಲ್ಲೂ ಬಹುಪಾಲು ಉಪ್ಪು ನೀರು. ಮಿಕ್ಕ 15 ಕೆಜಿಗೆ ಲೆಕ್ಕ ಕೊಡಬೇಕಾದದ್ದು ಬೆಣ್ಣೆ ಮಸಾಲೆ ದೋಸೆ. ಅದನ್ನು ಯಾರೂ ವಿಚಾರಣೆಗೆ ಕರೆಯುವುದಿಲ್ಲ. ಜಾತಕದಲ್ಲಿ ಶನಿ, ರಕ್ತದಲ್ಲಿ ಟಿಎಸ್‌ಎಚ್: ದಕ್ಷಿಣ ಬೆಂಗಳೂರಿನ ಸಕಲ ಕಷ್ಟಗಳಿಗೆ ಇವೆರಡೇ ಸಾಕು.

ಆಹಾರದಿಂದಲೇ ಥೈರಾಯ್ಡ್ ವಾಸಿ ಮಾಡುತ್ತೇವೆ ಅನ್ನುವವರಿಗೆ ಒಂದು ಶುಭ ಸಮಾಚಾರವಿದೆ. ಇಂಥ ಪಥ್ಯ ನಿಜಕ್ಕೂ ಇತ್ತು, ಕೆಲಸವನ್ನೂ ಮಾಡುತ್ತಿತ್ತು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯ ಕುರಿಯ ಥೈರಾಯ್ಡ್ ರಸವನ್ನು 46 ವರ್ಷದ ಹೆಂಗಸೊಬ್ಬಳಿಗೆ ಚುಚ್ಚಿದ. ಊದಿ ಕೊರಡಾಗಿದ್ದಾಕೆ ಎದ್ದು ಓಡಾಡಿ ಮತ್ತೆ 28 ವರ್ಷ ಬದುಕಿದಳು. ಅಷ್ಟರಲ್ಲಿ ಅವಳಿಗಾಗಿ 800ಕ್ಕೂ ಹೆಚ್ಚು ಕುರಿಗಳ ಕತ್ತು ಖಾಲಿಯಾಗಿತ್ತು. ಮರುವರ್ಷವೇ ಇನ್ನೊಬ್ಬ ವೈದ್ಯ ಚುಚ್ಚುವುದೇಕೆ ಅಂತ, ಕುರಿಯ ಗ್ರಂಥಿಯನ್ನು ಲಘುವಾಗಿ ಹುರಿದು, ಕೊಚ್ಚಿ, ಹಣ್ಣಿನ ಜೆಲ್ಲಿ ಜೊತೆ ತಿನ್ನಿಸಿದ. ಗುಣವಾಯಿತು. ಜಯನಗರ ಐದನೇ ಬ್ಲಾಕಿನ, ಈರುಳ್ಳಿ ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ಮನೆಗಳಲ್ಲಿ “ಮಾತ್ರೆ ಬೇಡ, ಎಲ್ಲಾ ನ್ಯಾಚುರಲ್ ಆಗಿಯೇ ಸರಿಮಾಡ್ಕೋತೀವಿ” ಅನ್ನುವವರ ಗಮನಕ್ಕೆ ಇದನ್ನು ವಿನಯಪೂರ್ವಕವಾಗಿ ತರುತ್ತಿದ್ದೇನೆ. ಇದಕ್ಕಿಂತ ನ್ಯಾಚುರಲ್ ಇಲ್ಲ. ಒಪ್ಪದಿದ್ದರೆ ಕಾರ್ಖಾನೆಯಲ್ಲಿ ತಯಾರಾದ, ಯಾವ ಕುರಿಯ ಶಾಪವೂ ತಟ್ಟದ ಆ ಪುಟಾಣಿ ಮಾತ್ರೆಯೇ ಗತಿ.

ಈಗ ಉಪ್ಪಿಗೆ ಬರೋಣ, ನಗು ಸ್ವಲ್ಪ ನಿಲ್ಲುವುದು ಇಲ್ಲೇ. 1956ರಲ್ಲಿ ಈಗಿನ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಊರುಗಳನ್ನು ಮೂರು ವಲಯ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಬರೀ ಉಪ್ಪು ಕೊಟ್ಟು ವರ್ಷಗಟ್ಟಲೆ ಕಾದು ನೋಡಿದರು. ಅಯೋಡಿನ್ ಹೋದ ಕಡೆ ಗಳಗಂಡ ಇಳಿಯಿತು. ಅದರ ಬಲದ ಮೇಲೆ 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಇಂದು ಅಂಗಡಿಯ ಅಯೋಡಿನ್ ಉಪ್ಪಿನಲ್ಲಿ ಒಂದು ಗ್ರಾಂಗೆ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150, ಬಸುರಿಗೆ 250. ಇಷ್ಟೆಲ್ಲ ಮಾಡಿ ಮನೆಮನೆಗೆ ತಲುಪಿಸಿದ ಮೇಲೆ ನಮ್ಮ ವಿದ್ಯಾವಂತ ಬಡಾವಣೆಗಳು ಮಾಡಿದ್ದೇನು? “ಪ್ರಾಸೆಸ್ಡ್ ಸಾಲ್ಟ್ ಬೇಡಪ್ಪ” ಅಂತ ಅದನ್ನು ಹೊರಗಿಟ್ಟು, ಆರ್ಗ್ಯಾನಿಕ್ ಅಂಗಡಿಯಿಂದ ಗುಲಾಬಿ ಬಣ್ಣದ ಕಲ್ಲುಪ್ಪು ತಂದವು. ಬೆಲೆ ಹಲವು ಪಾಲು ಜಾಸ್ತಿ, ಅಯೋಡಿನ್ ಇದ್ದರೂ ಲೆಕ್ಕಕ್ಕೆ ಸಿಗದಷ್ಟು. ಹಿಮಾಲಯದ ಹೆಸರು ಹೊತ್ತ ಆ ಉಪ್ಪಿನ ಪ್ರಸಿದ್ಧ ಗಣಿ ಇರುವುದು ಪಾಕಿಸ್ತಾನದ ಖೇವ್ರಾದಲ್ಲಿ. ಬಸುರಿ ಸೊಸೆಗೂ ಅದೇ ಉಪ್ಪು, ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಅಯೋಡಿನ್ ಬೇಕೇಬೇಕಾದ ಹೊತ್ತಿನಲ್ಲಿ.

ಇದಕ್ಕೆ ಉಲ್ಟಾ ಇನ್ನೊಂದು ಪಂಗಡ. ಅಯೋಡಿನ್ ಒಳ್ಳೆಯದು ಅಂತ ಕೇಳಿದ್ದೇ ಆನ್‌ಲೈನಿನಲ್ಲಿ ಕಡಲಕಳೆಯ ಕ್ಯಾಪ್ಸೂಲ್ ತರಿಸುತ್ತಾರೆ. ಅಯೋಡಿನ್ ಅತಿಯಾದರೂ ಗ್ರಂಥಿ ಕೆಡುತ್ತದೆ ಅಂದರೆ ಪಾಪ, ಡೆಲಿವರಿ ಆಗಿಹೋಗಿರುತ್ತದೆ. ಕೂದಲು ಉದುರುತ್ತದೆಂದು ಬಯೋಟಿನ್ ನುಂಗಿ ರಕ್ತ ಕೊಡಲು ಹೋಗುವವರೂ ಉಂಟು. ಬಯೋಟಿನ್ ಕೆಲವು ಪರೀಕ್ಷೆಗಳ ಅಂಕಿಯನ್ನೇ ತಿರುಚುತ್ತದೆ. ಇಲ್ಲದ ಕಾಯಿಲೆ ರಿಪೋರ್ಟಿನಲ್ಲಿ ಮೂಡಿದರೆ ಅದಕ್ಕೂ ಪಟ್ಟಿ ತಯಾರಿರುತ್ತದೆ.

ಇಷ್ಟು ಶಿಸ್ತಿನ ಜನ ಒಂದೇ ಒಂದು ಕಡೆ ಬಗ್ಗುವುದಿಲ್ಲ. ಥೈರಾಕ್ಸಿನ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ, ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಇಲ್ಲ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿದ್ದರೆ ನಾಲ್ಕು ಗಂಟೆ ದೂರ. ಥೈರಾಯ್ಡ್ ಇರುವ ಹೆಚ್ಚಿನವರಿಗೆ ದಿನವೂ ಪಾಲಿಸಬೇಕಾದ ಆಹಾರ ನಿಯಮ ಇಷ್ಟೇ. ಪಾಲನೆ ಹೇಗೆ ಅಂದರೆ: ಮೂರೂ ಮಾತ್ರೆ ಒಂದೇ ಅಂಗೈಯಲ್ಲಿ, ಇನ್ನೊಂದು ಕೈಯಲ್ಲಿ ಲೋಟ, ಲೋಟದಲ್ಲಿ ಫಿಲ್ಟರ್ ಕಾಫಿ. ಮಾತ್ರೆಯನ್ನು ಕರುಳು ಹೀರದಂತೆ ತಡೆಯುವವರಲ್ಲಿ ಕಾಫಿಯೂ ಒಬ್ಬ ಗಣ್ಯ. ಪಟ್ಟಿಯಲ್ಲಿ ಅದರ ಹೆಸರು ಕೊನೆಗೂ ಬರಲಿಲ್ಲ. ಬಂದಿದ್ದರೆ ಪಟ್ಟಿಯನ್ನು ಯಾರೂ ಫಾರ್ವರ್ಡ್ ಮಾಡುತ್ತಿರಲಿಲ್ಲ.

ಬನಶಂಕರಿಯ ಯಾವ ಕ್ಲಿನಿಕ್ಕಿನಲ್ಲಿ ಬೇಕಾದರೂ ಈ ಸಂಧಾನ ಕೇಳಿಸುತ್ತದೆ.

“ಅರ್ಧ ಗಂಟೆ ಕಾಯ್ರಮ್ಮಾ.”

“ಕಾಯ್ತೀನಿ ಡಾಕ್ಟ್ರೇ, ಕಾಫಿ ಕುಡಿದು ಕಾಯ್ತೀನಿ.”

“ಕಾಫಿ ಕುಡಿಯೋಕೆ ಮುಂಚೆ ಕಾಯ್ಬೇಕು.”

“ಹಾಲು ಹಾಕದೆ ಬರೀ ಡಿಕಾಕ್ಷನ್ ಆದ್ರೆ?”

“ಆಗಲ್ಲ.”

“ಬೈ-ಟೂ?”

“ಹಾಗಾದ್ರೆ ರಾತ್ರಿ ತಗೊಳ್ಳಿ. ಊಟ ಆಗಿ ಮೂರು ಗಂಟೆ ಬಿಟ್ಟು.”

“ಊಟ ಆಗೋದೇ ಹತ್ತಕ್ಕೆ. ಒಂದು ಗಂಟೆವರೆಗೂ ಎದ್ದಿರೋಕೆ ಆಗತ್ತಾ? ಥೈರಾಯ್ಡ್ ಅಲ್ವಾ, ಸುಸ್ತು.”

ಡಾಕ್ಟರು ರಿಪೋರ್ಟು ನೋಡುತ್ತಾರೆ. ಟಿಎಸ್‌ಎಚ್ ಹೋದ ಸಲಕ್ಕಿಂತ ಮೇಲೆ. ಪೆನ್ನು ತೆಗೆದು ಮಾತ್ರೆಯ ಡೋಸು 50ನ್ನು ಹೊಡೆದು 75 ಅಂತ ಬರೆಯುತ್ತಾರೆ. ಆಕೆಯ ಮುಖ ಅರಳುತ್ತದೆ.

“ನಾನು ಹೇಳ್ಲಿಲ್ವಾ ಡಾಕ್ಟ್ರೇ? ಹೋದ ತಿಂಗಳು ನಾದಿನಿ ಮನೇಲಿ ಬಲವಂತ ಮಾಡಿ ಕೋಸಿನ ಪಲ್ಯ ಹಾಕ್ಬಿಟ್ಳು.”