ಶಾಕಪ್ ಸಮಾರಂಭ

ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯವಿದೆ. ಹಾಗಾಗಿ ಇಲ್ಲಿ ಒಬ್ಬ ಕಾರಿನ ಕೆಳಗೆ ಮಲಗಿದರೆ, ಮೇಲೆ ನಿಂತು ಉಪನ್ಯಾಸ ಕೊಡುವವರಿಗೆ ಬರವಿಲ್ಲ. ಮಲಗಿದ್ದವರು ನಮ್ಮ ಭಾವ. ಕಾರು ಹಳೇ ಮಾರುತಿ 800. ಭದ್ರಾವತಿ ರಸ್ತೆಯ ಹಂಪು ದಾಟಿದ ಮೇಲೂ ಅದು ಕಛೇರಿಯ ಮುಂದಿನ ಸಾಲಿನ ರಸಿಕರಂತೆ ತಲೆದೂಗುತ್ತಲೇ ಇರುತ್ತಿತ್ತು.

ಭಾರ ಹೊರುವುದು ಸ್ಪ್ರಿಂಗು. ಅದರ ಕುಣಿತ ನಿಲ್ಲಿಸುವುದು ಶಾಕಪ್. ಒಳಗಿನ ಪಿಸ್ಟನ್ನು ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ನುಗ್ಗಿಸುತ್ತದೆ, ಕುಣಿತವೆಲ್ಲ ಬಿಸಿಯಾಗಿ ಕರಗುತ್ತದೆ. ಎಣ್ಣೆ ಸೋರಿತೋ, ಎರಡೂ ಬದಿಯದನ್ನು ಒಟ್ಟಿಗೇ ಬದಲಿಸಬೇಕು. ‘ಒಂದೇ ಸಾಕಲ್ವೇನ್ರೀ?’ ಎಂದಳು ಅಕ್ಕ.

ಜಾಕಿ ಕೊಟ್ಟು, ಸ್ಟ್ಯಾಂಡ್ ಇಟ್ಟು, ಆಕ್ಸಲ್ಲಿಗೆ ಆಸರೆ ಕೊಟ್ಟದ್ದಾಯಿತು. ಕೆಳಗಿನ ಬೋಲ್ಟು ಮಾತ್ರ ಮಲೆನಾಡಿನ ಮಳೆ ಕುಡಿದು ತುಕ್ಕು ಹಿಡಿದು ಕೂತಿತ್ತು. ಎಣ್ಣೆ, ಸುತ್ತಿಗೆ, ಬೈಗುಳ ಕ್ರಮವಾಗಿ ಪ್ರಯೋಗವಾದವು. ‘ಎಡಕ್ಕೆ ತಿರುಗ್ಸಿ ಮಾರಾಯ್ರೆ’ ಎಂದರು ಎದುರುಮನೆಯ ನಿವೃತ್ತ ಮೇಷ್ಟ್ರು. ನಿಂತವರ ಎಡವೋ ಮಲಗಿದವರ ಎಡವೋ ಎಂಬ ಚರ್ಚೆ ಕಾಫಿ ಬರುವವರೆಗೂ ನಡೆಯಿತು.

ಅಂತೂ ಬೋಲ್ಟು ಬಿಟ್ಟು ಹೊಸ ಶಾಕಪ್ ಕೂತವು. ಕೊನೆಯ ಬಿಗಿತ ಮಾತ್ರ ಚಕ್ರ ನೆಲ ಮುಟ್ಟಿದ ಮೇಲೆಯೇ. ಇಲ್ಲದಿದ್ದರೆ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಭದ್ರಾ ಡ್ಯಾಮಿನ ಕಡೆ ಒಂದು ಸುತ್ತು ಹೋಗಿಬಂದೆವು. ‘ಕುಣಿಯೋದು ನಿಂತಿದ್ದಕ್ಕೇ ಈಗ ಬಾಗಿಲು ಗಡಗಡ ಅನ್ನೋದು ಕೇಳಿಸ್ತಿದೆ’ ಎಂದಳು ಅಕ್ಕ. ಭಾವ ಸ್ಕ್ರೂಡ್ರೈವರ್ ಹುಡುಕುತ್ತಿದ್ದಾರೆ.