ಮುಂದ ಒಂದು ಛಲೋ ಜಾಗಾ ಐತಿ

ಹರಿಪುರದಿಂದ ಮಿರಜಿಗೆ ಹೆಚ್ಚೆಂದರೆ 15 ಕಿಲೋಮೀಟರು. ನಡುವೆ ಸಾಂಗಲಿ ಪೇಟೆ. ಈ ದಾರಿಯಲ್ಲಿ ಉಪವಾಸ ಬೀಳುವುದು ಸುಲಭದ ಕೆಲಸವಲ್ಲ. ಬೆಳಿಗ್ಗೆ ಮಿಸಳದ ಘಾಟು ಮೂಗಿಗೆ ಬಡಿಯುತ್ತದೆ, ಮಧ್ಯಾಹ್ನ ಖಾನಾವಳಿಗಳಿಂದ ಭಾಕರಿ ಬಡಿಯುವ ಸಪ್ಪಳ ಕೇಳುತ್ತದೆ, ಸಂಜೆಯಾದರೆ ಭಡಂಗದ ಬೆಳ್ಳುಳ್ಳಿ ವಾಸನೆ ಗಾಡಿಯ ಗಾಜು ಇಳಿಸುವಂತೆ ಮಾಡುತ್ತದೆ. ಇಷ್ಟೆಲ್ಲ ದಾಟಿ ಖಾಲಿ ಹೊಟ್ಟೆಯಲ್ಲಿ ಮಿರಜ ಮುಟ್ಟಿದ ಕೀರ್ತಿ ಯಾರಿಗಾದರೂ ಸಲ್ಲುವುದಾದರೆ ಅದು ನಮ್ಮ ಮನೆಯವರಿಗೆ. ಗಾಡಿ ಹೊಡೆಯುವವನು ನಾನು.

ಹೊಟೇಲು ಕಂಡಲ್ಲಿ ನುಗ್ಗುವ ಜಾತಿ ನನ್ನದಲ್ಲ. ಎದುರಿಗಿರುವ ಹೊಟೇಲಿನಲ್ಲಿ ಯಾರು ಬೇಕಾದರೂ ತಿಂದಾರು. ಅದರಲ್ಲಿ ತಿಳಿದವನ ಹೆಚ್ಚುಗಾರಿಕೆ ಏನು ಬಂತು? ಆದ್ದರಿಂದ ಹಿಂದಿನ ಸೀಟಿನಿಂದ “ಹಸಿವ್ಯಾಗೇತಿ” ಎಂಬ ದನಿ ಬಂದ ಕೂಡಲೇ ನನ್ನ ಬಾಯಿಂದ ಒಂದೇ ಮಾತು: “ತಡೀರಿ, ಮುಂದ ಒಂದು ಛಲೋ ಜಾಗಾ ಐತಿ.” ಈ ಮಾತಿನಲ್ಲಿ ಸುಳ್ಳಿಲ್ಲ. ಮುಂದೆ ಯಾವಾಗಲೂ ಒಂದು ಛಲೋ ಜಾಗ ಇದ್ದೇ ಇರುತ್ತದೆ. ನಾವು ಹೋಗುವ ಹೊತ್ತಿಗೆ ಅದು ಮುಚ್ಚಿರುತ್ತದೆ ಅಷ್ಟೆ.

ಕಳೆದ ಶ್ರಾವಣದ ನಂತರ ಅತ್ತೆಯವರು ಅಥಣಿಯಿಂದ ಬಂದರು. ಅವರ ಕಣ್ಣು ತೋರಿಸಬೇಕಿತ್ತು. ನಮ್ಮ ಗಡಿ ಭಾಗದವರಿಗೆ ಮಿರಜ ಎಂದರೆ ದವಾಖಾನೆ. 1890ರ ದಶಕದಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಷನರಿ ಡಾಕ್ಟರು ಅಲ್ಲಿ ಆಸ್ಪತ್ರೆ ಕಟ್ಟಿದ ಕಾಲದಿಂದ ಅಥಣಿ, ಜಮಖಂಡಿ, ವಿಜಯಪುರದ ಕಡೆಯವರು ಬುತ್ತಿ ಕಟ್ಟಿಕೊಂಡು ಮಿರಜಿಗೆ ಬರುತ್ತಲೇ ಇದ್ದಾರೆ. ಅತ್ತೆಯವರ ಜೊತೆಗೆ ಹುಬ್ಬಳ್ಳಿಯಿಂದ ಮೈದುನನೂ ಬಂದಿದ್ದ. ಅವನು ಊಟಕ್ಕೆ ಮೊದಲು ಫೋನಿನಲ್ಲಿ ನಕ್ಷತ್ರ ಎಣಿಸುವವನು. ನಾಲ್ಕಕ್ಕಿಂತ ಕಡಿಮೆ ಇದ್ದರೆ ನೀರನ್ನೂ ಕುಡಿಯುವುದಿಲ್ಲ.

“ಮನ್ಯಾಗ ಉಪ್ಪಿಟ್ಟು ಮಾಡ್ತೀನಿ, ತಿಂದು ಹೋಗೂಣು” ಎಂದಳು ನನ್ನ ಹೆಂಡತಿ.

“ಸಾಂಗಲಿ ದಾಟಿ ಹೋಗೂ ಮುಂದ ಮನಿ ಉಪ್ಪಿಟ್ಟು ತಿನ್ನೋರು ಯಾರು? ದಾರ್‍ಯಾಗ ಮಿಸಳ ತಿನ್ನೂಣು” ಎಂದೆ ನಾನು.

ಅವಳು ಮರುಮಾತಾಡಲಿಲ್ಲ. ಗಡಿಯಾರ ನೋಡಿದಳು. ಅವಳು ಮಾತಾಡದೆ ಗಡಿಯಾರ ನೋಡಿದಾಗಲೇ ನಾನು ಎಚ್ಚರವಾಗಬೇಕಿತ್ತು ಎಂದು ಮಗಳು ಈಗಲೂ ಹೇಳುತ್ತಾಳೆ.

ಮಿಸಳದ ಧರ್ಮ ಬೇರೆ. ಮೊಳಕೆ ಒಡೆದ ಮಡಿಕೆ ಕಾಳಿನ ಉಸಳಿ, ಮೇಲೆ ಒಂದು ಹಿಡಿ ಫರಸಾಣ, ಹಸಿ ಉಳ್ಳಾಗಡ್ಡಿ, ಅದರ ಮೇಲೆ ಕೆಂಪೆಣ್ಣೆ ತೇಲುವ ಕಟ್. ಹೆಸರಾದ ಅಂಗಡಿಯವನು ಬೆಳಿಗ್ಗೆ ಒಂದು ಪಾತೇಲಿ ಒಲೆಗೇರಿಸುತ್ತಾನೆ. ಅದರ ತಳ ಕಂಡ ಮೇಲೆ ಮುಖ್ಯಮಂತ್ರಿ ಬಂದರೂ “ಸಂಪಲಂ” ಎಂದು ಕೈಯಾಡಿಸುತ್ತಾನೆ. ಇನ್ನೊಂದು ಪಾತೇಲಿ ಇಡು ಎಂದರೆ ಅವನ ಮರ್ಯಾದೆಗೆ ಧಕ್ಕೆ.

ಎಂಟಕ್ಕೆ ಹೊರಟೆವು. ಆದರೆ ಮೈದುನ ಹರಿಪುರ ನೋಡಿದವನಲ್ಲ. ಊರು ತೋರಿಸದೆ ಊರು ದಾಟಿಸುವುದು ಯಾವ ನ್ಯಾಯ? ಕೃಷ್ಣೆ ವಾರಣೆಯರು ಕೂಡುವಲ್ಲಿ ಗಾಡಿ ನಿಲ್ಲಿಸಿ ಸಂಗಮೇಶ್ವರನಿಗೆ ಕೈ ಮುಗಿಸಿದೆ. ಮುಗಿಸಿ ಬರುವಾಗ ಅರಿಶಿನದ ಪೇವುಗಳ ವಿಷಯ ಬಂತು, ಅಂದರೆ ನಾನೇ ತಂದೆ. ನಮ್ಮ ಕಡೆಯ ಹಗೇವಿನ ಹಾಗೆ ನೆಲದೊಳಗೆ ತೋಡಿದ ಆಳದ ಗುಂಡಿಗಳು. ಇವುಗಳೊಳಗೆ ಇಟ್ಟ ಸಾಂಗಲಿಯ ಅರಿಶಿನಕ್ಕೆ ವರ್ಷಗಟ್ಟಲೆ ಹುಳ ಬೀಳದು. ಬಾಯಿ ತೆಗೆದ ಮೇಲೆ ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಯಾರೂ ಇಳಿಯುವಂತಿಲ್ಲ. 2005ರ ಮಹಾಪೂರದಲ್ಲಿ ನೀರು ನುಗ್ಗಿ ಎಷ್ಟೋ ಪೇವುಗಳು ಹಾಳಾದವು.

“ಅರಿಶಿನಾ ಬ್ಯಾಡವಾ, ಅದು ಹಾಕಿದ ಅಡಿಗಿ ಎಲ್ಲೈತಿ ಕೇಳು ನಿಮ್ಮನಿಯವರಿಗೆ” ಎಂದು ಅತ್ತೆಯವರು ಮಗಳಿಗೆ ಹೇಳಿದರು. ಅಳಿಯನೊಂದಿಗೆ ಅವರು ನೇರ ಮಾತಾಡುವುದಿಲ್ಲ. ನಾನು ಮುಂದೆ, ಅವರು ಹಿಂದೆ ಕೂತಿದ್ದರೂ ಮಾತು ಹೆಂಡತಿಯ ಮೂಲಕವೇ ಬರುತ್ತದೆ; ಬರುವಾಗ ಸ್ವಲ್ಪ ಖಾರ ಕೂಡಿಕೊಂಡಿರುತ್ತದೆ.

ಊರು ಬಿಡುವ ಮುಂಚೆ ಗೋವಿಂದ ಬಲ್ಲಾಳ ದೇವಲರನ್ನು ಬಿಡುವುದು ಸಾಧ್ಯವೇ? 1855ರಲ್ಲಿ ಹುಟ್ಟಿದ್ದು ಇದೇ ಹರಿಪುರದಲ್ಲಿ. 1899ರ ಅವರ ‘ಸಂಗೀತ ಶಾರದಾ’ ನಾಟಕದಲ್ಲಿ ಮುದುಕನೊಬ್ಬ ಎಳೆಯ ಹುಡುಗಿಯನ್ನು ಮದುವೆಯಾಗಲು ಹೊರಟಿದ್ದು, ಅವಳ ಅಪ್ಪ ದುಡ್ಡಿನ ಆಸೆಗೆ ಒಪ್ಪಿದ್ದು, ಎಲ್ಲವನ್ನೂ ಹೇಳಿದೆ.

“ಮದುವಿ ಆತೇನ್ ಮಾಮಾ?” ಎಂದ ಮೈದುನ.

“ಇಲ್ಲ. ಗೋತ್ರ ಒಂದಾ ಅಂತ ಗೊತ್ತಾಗಿ ಮುರೀತು.”

“ಹಂಗಾರ ಅಲ್ಲೂ ಊಟ ಇಲ್ಲ.”

ಸಾಂಗಲಿ ಪೇಟೆ ಹೊಕ್ಕಾಗ ಒಂಬತ್ತೂವರೆ. ಮಿಸಳದ ಅಂಗಡಿ ಇದ್ದ ಓಣಿ ಎದುರಿಗೇ ಇತ್ತು. ಹೊರಗೆ ಮಂದಿ ತಟ್ಟೆ ಹಿಡಿದು ನಿಂತಿದ್ದರು. ಆದರೆ ಸಾಂಗಲಿಗೆ ಬಂದು ವಿಷ್ಣುದಾಸ ಭಾವೆಯವರ ಹೆಸರೆತ್ತದೆ ಮಿಸಳ ತಿನ್ನುವುದು ಕನ್ನಡಿಗನಿಗೆ ಶೋಭಿಸದು. ನಮ್ಮ ಹೊನ್ನಾವರದ ಹತ್ತಿರದ ಕರ್ಕಿಯ ಮೇಳ 1842ರಲ್ಲಿ ಇಲ್ಲಿಗೆ ಬಂದು ಆಟ ಆಡಿತು, ನೋಡಿದ ಪಟವರ್ಧನ ದೊರೆಗಳು ಇಂಥದ್ದು ಮರಾಠಿಯಲ್ಲೂ ಬೇಕು ಎಂದರು, ಮರುವರ್ಷ ಭಾವೆಯವರು ‘ಸೀತಾ ಸ್ವಯಂವರ’ ಆಡಿಸಿದರು, ಮರಾಠಿ ರಂಗಭೂಮಿ ಹುಟ್ಟಿದ್ದೇ ಹಾಗೆ. ಗಾಡಿ ನಿಲ್ಲಿಸಲು ಜಾಗ ಹುಡುಕುತ್ತ ಇದಿಷ್ಟನ್ನು ವಿಸ್ತಾರವಾಗಿ ಹೇಳಿದೆ. ಜಾಗ ಬೇಗ ಸಿಕ್ಕಿತು, ಮಾತು ಮುಗಿದಿರಲಿಲ್ಲ. ಗಾಡಿಯೊಳಗೇ ಕೂತು ಮುಗಿಸಿದೆ.

“ಸ್ವಯಂವರದಾಗಾದ್ರೂ ಊಟ ಹಾಕಿರಬೇಕು” ಎಂದು ಮೈದುನ ಬಾಗಿಲು ತೆರೆದು ಓಡಿದ. ನಾವು ಹೋಗಿ ಮುಟ್ಟುವಷ್ಟರಲ್ಲಿ ಅಂಗಡಿಯವನು ಪಾತೇಲಿಯನ್ನು ಬೋರಲು ಹಾಕಿ ತಿಕ್ಕುತ್ತಿದ್ದ. “ಸಂಪಲಂ.”

“ಎಷ್ಟು ಹೊತ್ತಾತು?” ಎಂದು ಹೆಂಡತಿ ಮರಾಠಿಯಲ್ಲಿ ಕೇಳಿದಳು. ಐದು ನಿಮಿಷ ಎಂದ. ಅವಳು ನನ್ನ ಕಡೆ ತಿರುಗಿ, “ರಾಮ ಬಿಲ್ಲು ಮುರಿಯೂ ಹೊತ್ತಿಗೆ” ಎಂದಳು.

ನಾನು ಎದೆಗುಂದಲಿಲ್ಲ. ವಿಶ್ರಾಮಬಾಗದ ಕಡೆ ಇಡ್ಲಿ, ವಡಾ, ಪೋಹೆಯ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಅಲ್ಲಿ ನಿಲ್ಲಿಸುವ ಮನಸ್ಸಿನಿಂದಲೇ ವೇಗ ಇಳಿಸಿದೆ. ಅಷ್ಟರಲ್ಲಿ ವಿಲಿಂಗ್ಡನ್ ಕಾಲೇಜು ಬಂತು. 1919ರಲ್ಲಿ ಶುರುವಾದ ಕಾಲೇಜು. ವಿ.ಕೃ. ಗೋಕಾಕರು ಪ್ರಿನ್ಸಿಪಾಲರಾಗಿದ್ದುದು ಇಲ್ಲಿ, ರಂ.ಶ್ರೀ. ಮುಗಳಿಯವರು ಕನ್ನಡ ಕಲಿಸಿದ್ದು ಇಲ್ಲಿ. ಇದನ್ನು ಹೇಳದೆ ಮುಂದೆ ಹೋಗುವ ಕನ್ನಡಿಗನಿಗೆ ಇಡ್ಲಿ ಗಂಟಲಲ್ಲಿ ಇಳಿದೀತೇ?

“ಗೋಕಾಕ ಅಂದ್ರಲ್ಲ, ಕರದಂಟು ಸಿಗತೈತೇನು ಕೇಳವಾ” ಎಂದಿತು ಹಿಂದಿನ ಸೀಟು.

ನಾನು ಜ್ಞಾನಪೀಠದ ಮಾತೆತ್ತಿದೆ. ಪೋಹೆಯ ಗಾಡಿಗಳು ಹಿಂದೆ ಉಳಿದವು. ವಾನ್ಲೆಸ್‌ವಾಡಿ ಬಂತು, ಈ ಹೆಸರು ಹೇಗೆ ಬಂತೆಂದು ಯಾರೂ ಕೇಳಲಿಲ್ಲ, ನಾನೇ ಹೇಳಿದೆ. “ಮುಂದ ಒಂದು ಛಲೋ ಜಾಗಾ ಐತಿ” ಎಂದೂ ಸೇರಿಸಿದೆ. ಮಗಳು ಕಿವಿಗೆ ವೈರು ಸಿಕ್ಕಿಸಿಕೊಂಡಳು.

ಮಿರಜಿನಲ್ಲಿ ಆಸ್ಪತ್ರೆಯ ಸಮಯ ಆಗಿಯೇ ಹೋಗಿತ್ತು. ಆದರೂ ಮೀರಾಸಾಹೇಬರ ದರ್ಗಾದ ಕಡೆಯಿಂದ ಒಂದು ಸುತ್ತು ಹಾಕಿದೆ. ಹುಬ್ಬಳ್ಳಿಯಿಂದ ಬಂದವನಿಗೆ ಅಬ್ದುಲ್ ಕರೀಂ ಖಾನರ ಊರು ತೋರಿಸದಿದ್ದರೆ ಹೇಗೆ? ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. ಆ ಸವಾಯಿ ಗಂಧರ್ವರ ಶಿಷ್ಯರು ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್. ಖಾನ್ ಸಾಹೇಬರು 1937ರಲ್ಲಿ ತೀರಿಕೊಂಡ ಮೇಲೆ ಮಣ್ಣು ಮಾಡಿದ್ದು ಇದೇ ದರ್ಗಾದಲ್ಲಿ. ಪಕ್ಕದ ಓಣಿಯಲ್ಲಿ ತಂಬೂರಿ, ಸಿತಾರ ಮಾಡುವವರ ಅಂಗಡಿಗಳು. ಪಂಢರಪುರದ ಕಡೆಯಿಂದ ಬಂದ ದೊಡ್ಡ ದೊಡ್ಡ ಬುರುಡೆಗಳನ್ನು ಬಾಗಿಲಲ್ಲಿ ಒಟ್ಟಿದ್ದರು. ಅತ್ತೆಯವರು ಮೊದಲ ಸಲ ಗಾಜಿಗೆ ಮುಖ ಹಚ್ಚಿದರು.

“ಕುಂಬಳಕಾಯಿ ಏನ? ಪಲ್ಯಾ ಮಾಡತಾರೇನು?”

“ಇಲ್ಲ ಅತ್ತಿ, ಅದು ಕಹಿ. ತಂಬೂರಿಗೆ ಮಾತ್ರ.”

“ತಿನ್ನಾಕ ಬರಲಾರದ ಕಾಯಿ ಮಾತ್ರ ತೋರಸತಾರ ನೋಡವಾ, ನಿಮ್ಮನಿಯವರು.”

ಆಸ್ಪತ್ರೆಯ ಸಾಲಿನಲ್ಲಿ ಅರ್ಧಕ್ಕರ್ಧ ಕನ್ನಡ. ಅತ್ತೆಯವರ ಕಣ್ಣಿಗೆ ಹನಿ ಹಾಕಿ ಕೂಡಿಸಿದ್ದರು. ಮೈದುನ ಫೋನಿನಲ್ಲಿ ನಕ್ಷತ್ರ ಎಣಿಸುತ್ತಿದ್ದ. ನಾನು ಖಾನಾವಳಿಗಳ ಇತಿಹಾಸದ ಬಗ್ಗೆ ಯೋಚಿಸುತ್ತಿದ್ದೆ. ಹೆಂಡತಿ ಎದ್ದು ಹೋಗಿ ನೆಲ ಒರೆಸುತ್ತಿದ್ದ ಬಾಯಿಯೊಬ್ಬಳನ್ನು, “ಮಾವಶಿ, ನೀವು ದಿನಾ ಎಲ್ಲಿ ಉಣ್ಣತೀರಿ?” ಎಂದು ಕೇಳಿ ಬಂದಳು. ಒಂದೇ ಪ್ರಶ್ನೆ. ಉತ್ತರವೂ ಒಂದೇ: ಹಿಂದಿನ ಓಣಿ, ಹನ್ನೆರಡೂವರೆಗೆ ಮೊದಲ ಭಾಕರಿ, ಒಂದೂವರೆಗೆ ಬದನೇಕಾಯಿ ಖಲಾಸ್.

“ಆ ಜಾಗದ ಹೆಸರೇನು? ಯಾವ ಕಾಲದ್ದು? ಯಾರು ನಡಸ್ತಾರ?” ಎಂದು ಕೇಳಿದೆ.

“ಹನ್ನೆರಡೂವರಿಗೆ” ಎಂದಳು.

ಹನ್ನೆರಡೂವರೆಗೆ ಸರಿಯಾಗಿ ಕೂತೆವು. ಬಾಗಿಲಿಗೆ ಫಲಕವಿರಲಿಲ್ಲ, ಮೈದುನನ ಫೋನಿಗೆ ಆ ಓಣಿಯೇ ಗೊತ್ತಿರಲಿಲ್ಲ. ತಟ್ಟೆಗೆ ಬಿಸಿ ಜೋಳದ ಭಾಕರಿ ಬಿತ್ತು. ಕೃಷ್ಣೆಯ ದಂಡೆಯ ಸಣ್ಣ ಬದನೇಕಾಯಿ, ಒಳಗೆ ಶೇಂಗಾಪುಡಿ, ಎಳ್ಳು, ಕೊಬ್ಬರಿ. ಪಕ್ಕಕ್ಕೆ ಹಸಿಮೆಣಸಿನಕಾಯಿ ಠೇಚಾ, ಒಂದು ಬಟ್ಟಲು ಮಜ್ಜಿಗೆ. ಅತ್ತೆಯವರಿಗೆ ಹನಿ ಹಾಕಿದ ಕಣ್ಣು ಮಂಜಾಗಿದ್ದರೂ ಕೈ ದಾರಿ ತಪ್ಪಲಿಲ್ಲ.

“ಈ ಕೃಷ್ಣಾ ದಂಡಿ ಬದನೇಕಾಯಿ ಐತೆಲ್ಲಾ, ಇದರ ರುಚಿಗೆ ಕಾರಣ ಏನಂದ್ರ, ಹೊಳಿಯ ಕರಿ ಮಣ್ಣು…” ಎಂದು ಶುರು ಮಾಡಿದೆ.

“ರೀ, ತಿನ್ರಿ.”

ಎಲ್ಲರೂ ತಿಂದರು. ನಾನು ಮಣ್ಣಿನ ಗುಣ ಮುಗಿಸಿ ಎರಡನೆಯ ಸಲ ಬದನೇಕಾಯಿ ಕೇಳಿದಾಗ ಒಳಗಿನಿಂದ ಪರಿಚಯದ ಶಬ್ದವೇ ಬಂತು.

ಮರಳುವಾಗಲೂ ಗಾಡಿ ಹೊಡೆದವನು ನಾನೇ, ಆದರೆ ಎಲ್ಲಿ ನಿಲ್ಲಬೇಕೆಂಬುದು ನನ್ನ ಕೈಯಲ್ಲಿರಲಿಲ್ಲ. ಐದು ಗಂಟೆಗೆ ಸಾಂಗಲಿಯಲ್ಲಿ ಬಾಣಲೆಯಿಂದ ಆಗತಾನೇ ಇಳಿದ ಭಡಂಗ ಕೊಂಡೆವು; ಚುರುಮುರಿ, ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ, ಕೈ ತುಂಬ ಎಣ್ಣೆ. ಅದರ ಇತಿಹಾಸ ನನಗೆ ಬಾಯಿಪಾಠ. ಆದರೆ ಹೆಂಡತಿ ಮೊದಲ ಹಿಡಿಯನ್ನು ನನ್ನ ಬಾಯಿಗೇ ಹಾಕಿದಳು. ಪ್ರೀತಿ ಎಂದುಕೊಂಡೆ. ಹರಿಪುರ ಮುಟ್ಟುವ ತನಕ ಹಿಡಿಯ ಮೇಲೆ ಹಿಡಿ ಬರುತ್ತಲೇ ಇತ್ತು, ಗಾಡಿಯೊಳಗೆ ಒಂದು ಇಸವಿಯೂ ಕೇಳಿಬರಲಿಲ್ಲ.

ಇಷ್ಟಾದರೂ ನನ್ನ ನಿಲುವಿನಲ್ಲಿ ಬದಲಾವಣೆಯಿಲ್ಲ. ಹೊಟ್ಟೆಗೆ ಮಾತ್ರ ಹಾಕಿ ತಲೆಯನ್ನು ಹಸಿವಿನಲ್ಲಿ ಬಿಡುವುದು ಸರಿಯಲ್ಲ. ನೆಂಟರಿಗೆ ಈ ದಾರಿ ತೋರಿಸಲು ನನಗಿಂತ ತಿಳಿದವರು ಹರಿಪುರದಲ್ಲಿ ಸಿಗುವುದಿಲ್ಲ ಎಂದು ಮೈದುನನೂ ಊರಿಗೆ ಹೋಗುವಾಗ ಒಪ್ಪಿದ್ದ. ಹುಬ್ಬಳ್ಳಿ ಮುಟ್ಟಿದವನು ಆ ಖಾನಾವಳಿಯನ್ನು ತಾನೇ ನಕಾಶೆಯಲ್ಲಿ ಏರಿಸಿ, ಮೊದಲ ಅಭಿಪ್ರಾಯವನ್ನೂ ಬರೆದ. ಮಗಳು ಓದಿ ಹೇಳಿದಳು: “ಬದನೇಕಾಯಿಗೆ ಐದು ನಕ್ಷತ್ರ, ಭಾಕರಿಗೆ ಐದು. ಜಾಗ ತೋರಿಸಿದವರು ನಮ್ಮ ಅಕ್ಕ. ಇತಿಹಾಸ ಬಲ್ಲ ಡ್ರೈವರು ಜೊತೆಗಿದ್ದರೆ ಮನೆಯಲ್ಲೇ ಉಪ್ಪಿಟ್ಟು ತಿಂದು ಹೊರಡಿ.”

ಕೆಳಗೆ, ಈ ಅಭಿಪ್ರಾಯ ಒಬ್ಬರಿಗೆ ಉಪಯುಕ್ತವೆನಿಸಿದೆ ಎಂದೂ ಇತ್ತಂತೆ. ಆ ಒಬ್ಬರು ಯಾರೆಂದು ಮನೆಮಂದಿಯನ್ನೆಲ್ಲ ಕೇಳಿದೆ. ಹೆಂಡತಿ ಗಡಿಯಾರ ನೋಡಿದಳು. ಮಗಳ ಫೋನು ಹಿಡಿದು ಮೂಲೆಯಲ್ಲಿ ಕೂತಿದ್ದ ಅತ್ತೆಯವರು ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, “ಎಷ್ಟು ಸಣ್ಣ ಅಕ್ಷರಾ ಇದ್ರೂ ಈಗ ಛಂದ ಕಾಣತಾವ, ಹೇಳವಾ ನಿಮ್ಮನಿಯವರಿಗೆ” ಎಂದರು.