ಇನ್ನೂವಮ್ಮ

ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಿರಲಿ, ಕೊರಟಗೆರೆ ಸೀಮೆಯ ಗೊರವನಹಳ್ಳಿ ಲಕ್ಷ್ಮಿ ಗುಡಿಯ ಸಾಲಿರಲಿ, ಶಿರಾ ಬಸ್ ಸ್ಟ್ಯಾಂಡಿರಲಿ, ಕಂಕುಳಲ್ಲಿ ಕೂಸಿರುವ ಹೆಂಗಸು ಎಲ್ಲಿದ್ದಾಳೋ ಅಲ್ಲಿ ಇನ್ನೂವಮ್ಮ ಇದ್ದೇ ಇರುತ್ತಾಳೆ. ಹೆತ್ತವರಿಟ್ಟ ಹೆಸರು ಬೇರೆ ಇದ್ದೀತು. ಇದು ಬಾಯಿ ತೆರೆದೊಡನೆ ಉದುರುವ ಮಾತಿನಿಂದ ಬಂದದ್ದು. ‘ಇನ್ನೂ ಮದುವೆ ಆಗಿಲ್ವಾ?’ ‘ಇನ್ನೂ ಒಂದೇನಾ?’ ಆಮೇಲೆ ಸೆರಗಿನತ್ತ ಕಣ್ಣು ಹಾಯಿಸಿ, ‘ಒಂದೂವರೆ ವರ್ಷ ತುಂಬಿತಲ್ಲ, ಇನ್ನೂ ಹಾಲು ಬಿಡಿಸಿಲ್ವೇನವ್ವಾ?’ ಪಾವಗಡ ತಲುಪಿದರೆ ತೆಲುಗಿಗೆ ಹೊರಳಿ ‘ಇಂಕಾ?’ ಎನ್ನುತ್ತಾಳೆ. ಭಾಷೆ ಬದಲಾದರೂ ಹುಬ್ಬು ಏರುವ ಎತ್ತರ ಒಂದೇ.

ಆಕೆಯ ವಾದ ಮೂರು. ವರ್ಷವಾದ ಮೇಲೆ ಎದೆಹಾಲು ಬರೀ ನೀರು ಎಂಬುದು ಮೊದಲನೆಯದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಬೇರೆ: ಎರಡನೇ ವರ್ಷದಲ್ಲೂ ಮಗುವಿಗೆ ಬೇಕಾದ ಶಕ್ತಿಯ ಮೂರನೇ ಒಂದು ಪಾಲನ್ನು ಆ ‘ನೀರು’ ಕೊಡಬಲ್ಲದು, ಎರಡು ವರ್ಷ, ತಾಯಿಮಗುವಿಗೆ ಇಷ್ಟವಿದ್ದರೆ ಅದಕ್ಕೂ ಮೇಲೆ, ಕುಡಿಸಬಹುದು. ಮಗು ಅನ್ನ ಮುಟ್ಟುವುದಿಲ್ಲ ಎಂಬ ಎರಡನೆಯದರಲ್ಲಿ ಅರ್ಧ ಸತ್ಯವಿದೆ. ಆರು ತಿಂಗಳ ನಂತರ ಹಾಲೊಂದೇ ಸಾಲದು. ರಾಗಿ ಸರಿ, ಬೇಳೆ, ಸೊಪ್ಪು ಹೊಟ್ಟೆಗೆ ಬೀಳದಿದ್ದರೆ ರಕ್ತ ಕಡಿಮೆಯಾಗುತ್ತದೆ. ಆದರೆ ಅದಕ್ಕೆ ಊಟ ಕೂಡಿಸಬೇಕೇ ಹೊರತು ಹಾಲು ಕಳೆಯಬೇಕಿಲ್ಲ. ತಾಯಿ ಸೊರಗುತ್ತಾಳೆ ಎಂಬುದು ಮೂರನೆಯದು. ಸೊರಗಿಸುವುದು ಹಾಲಲ್ಲ, ತಟ್ಟೆ. ಸೊಪ್ಪು ಶೀತ, ಬೇಳೆ ವಾಯು ಎಂದು ಬಾಣಂತಿಯ ತಟ್ಟೆ ಖಾಲಿ ಮಾಡಿಸಿದವಳೂ ಇದೇ ಇನ್ನೂವಮ್ಮ. ಹಾಲು ಬಿಡಿಸುವ ಬಾಯಿ ಈಕೆಯದೊಂದೇ ಅಲ್ಲ. ಶಿಶು ಆಹಾರದ ಕುರಿತ 1992ರ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿಯಿಂದ, ಎರಡು ವರ್ಷದೊಳಗಿನ ಕೂಸಿಗೆ ಡಬ್ಬಿ ಆಹಾರ ಕೊಡಿ ಎಂದು ಕಂಪನಿಗಳು ಜಾಹೀರಾತು ಮಾಡುವಂತಿಲ್ಲ. ಅಷ್ಟು ದೊಡ್ಡ ಕಂಪನಿಗಳ ಬಾಯಿ ಕಟ್ಟಿದ ಸರ್ಕಾರಕ್ಕೆ ಈಕೆಯ ಬಾಯಿ ಮಾತ್ರ ಎಟುಕಲಿಲ್ಲ.

ಹಿರಿಯಳು, ನಾಲ್ಕು ಹೆತ್ತವಳು, ಅನುಭವಕ್ಕೆ ಬೆಲೆಯಿಲ್ಲವೇ ಎಂದು ಕೇಳಬಹುದು. ಬೆಲೆಯಿದೆ, ಆದರೆ ಆಕೆ ಹೇಳುತ್ತಿರುವುದು ಅನುಭವವನ್ನಲ್ಲ, ಮುಹೂರ್ತವನ್ನು. ಎಂಟು ತಿಂಗಳಿಗೇ ಹಾಲು ನಿಲ್ಲಿಸಿದವಳು ಸಿಕ್ಕರೆ ಅದೇ ಬಾಯಿ ‘ಆಗಲೇ ಬಿಡಿಸಿಬಿಟ್ಯಾ, ಪಾಪ ಕೂಸು!’ ಎನ್ನುತ್ತದೆ. ಈ ‘ಆಗಲೇ’ ಮತ್ತು ಆ ‘ಇನ್ನೂ’ ನಡುವೆ ಹಾಲು ಬಿಡಿಸಲು ಸರಿಯಾದ ದಿನ ಯಾವ ಪಂಚಾಂಗದಲ್ಲೂ ಇಲ್ಲ. ಕುರಾನ್ ಎರಡು ಪೂರ್ಣ ವರ್ಷ ಎಂದು ಹೇಳಿಯೂ, ತಂದೆತಾಯಿ ಮಾತಾಡಿಕೊಂಡು ಮೊದಲೇ ಬಿಡಿಸಿದರೆ ತಪ್ಪಿಲ್ಲ ಎನ್ನುತ್ತದೆ. ಮಾತಾಡಿಕೊಳ್ಳುವವರು ಅಲ್ಲಿ ಇಬ್ಬರೇ. ಬಸ್ಸಿನ ಪಕ್ಕದ ಸೀಟಿನವರಿಗೆ ಜಾಗವಿಲ್ಲ. ಸಾಕೆನಿಸಿದ ತಾಯಿ ನಿಲ್ಲಿಸುವುದೂ ಅಷ್ಟೇ ಸರಿ.

ಹಾಗಾದರೆ ಇನ್ನೂವಮ್ಮನಿಗೆ ಉತ್ತರವೇನು? ಅಂಕಿಅಂಶ ಒಪ್ಪಿಸಿದರೆ ‘ಓದಿದವರಿಗೆ ಹೇಳೋಕಾಗುತ್ತಾ’ ಎಂದು ಮುಖ ತಿರುಗಿಸುತ್ತಾಳೆ. ಜಗಳಕ್ಕೆ ನಿಂತರೆ ಸುದ್ದಿ ಊರು ಮುಟ್ಟುತ್ತದೆ. ಅಭಿಪ್ರಾಯ ಇರುವವರಿಗೆ ಕೆಲಸ ಕೊಡುವುದೇ ಮೇಲು. ‘ಹೌದು ದೊಡ್ಡಮ್ಮಾ, ಸರಿ ಮಾಡಿ ತಂದಿದೀನಿ, ನೀವೇ ನಾಲ್ಕು ತುತ್ತು ತಿನ್ನಿಸಿ’ ಎಂದು ಬಟ್ಟಲನ್ನೂ ಕೂಸನ್ನೂ ಮಡಿಲಿಗಿಟ್ಟರಾಯಿತು. ಮೊದಲ ತುತ್ತು ಕೂಸಿನ ಗಲ್ಲಕ್ಕೆ, ಎರಡನೆಯದು ಆಕೆಯ ಸೀರೆಗೆ. ಮೂರನೆಯದಕ್ಕೆ ಬಸ್ಸೆಲ್ಲ ಕೇಳುವಂತೆ ಅಳು ಎದ್ದಾಗ ತೀರ್ಪು ತಾನಾಗಿ ಹೊರಬೀಳುತ್ತದೆ: ‘ತಗೊಳ್ಳವ್ವಾ, ಮೊದಲು ಒಂದು ಗುಟುಕು ಹಾಲು ಕುಡಿಸು. ಇನ್ನೂ ಸುಮ್ಮನೆ ಕೂತಿದ್ದೀಯಲ್ಲ!’